ಯೋಬನ ಮಕ್ಕಳ ಲೆಕ್ಕ: ಹೊಸನಗರ ಸೀಮೆಯ ಒಬ್ಬ ತಾಯಿಯ ಎರಡು ವರ್ಷ

ಇದು ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯ ಪ್ರಕರಣ. ಊರಿನ ಹೆಸರು, ಮನೆಯವರ ಹೆಸರು ಬರೆದಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆದಾದ ಮೇಲೆ ಆ ತಾಯಿಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು, ಒಂದು ಕಡೆ "ಇದನ್ನ ಇನ್ನೂ ಸ್ವಲ್ಪ ಬರೀರಿ, ಬೇರೆ ತಾಯಂದಿರಿಗೆ ಬೇಕಾಗುತ್ತೆ" ಅಂದರು.

ನಾನು ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು. ನಿವೃತ್ತಿಯಾದ ಮೇಲೆ ನಮ್ಮ ಚರ್ಚಿನ ಧರ್ಮಕೇಂದ್ರದಿಂದ ಸಾವಾದ ಮನೆಗಳಿಗೆ ಹೋಗಿಬರುವ ನಾಲ್ಕು ಜನರಲ್ಲಿ ಒಬ್ಬಳು. ಮಣ್ಣಿನ ದಿನ ಎಲ್ಲರೂ ಬರುತ್ತಾರೆ, ಏಳನೇ ದಿನದ ಪೂಜೆಗೂ ಬರುತ್ತಾರೆ. ತಿಂಗಳು ಕಳೆದ ಮೇಲೆ ಆ ಮನೆಯ ಅಂಗಳಕ್ಕೆ ಯಾರೂ ಕಾಲಿಡುವುದಿಲ್ಲ. ನಮ್ಮ ಕೆಲಸ ಶುರುವಾಗುವುದು ಆಗ.

ಮನೆಯಲ್ಲಿ ಇದ್ದದ್ದು ನಾಲ್ಕು ಜನ. ತಂದೆ, ತಾಯಿ, ಮಂಗಳೂರಿನಲ್ಲಿ ಓದುತ್ತಿದ್ದ ಮಗಳು, ಮತ್ತು ಮಗ. ಅಜ್ಜನ ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕ ಮನೆತನ. ಒಲೆಯ ಮುಂದೆ ಕೊಂಕಣಿ, ಚರ್ಚಿನಲ್ಲಿ ಕನ್ನಡ. ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ತೋಟ ಹಿಡಿಸಿತು ಅಂತ ಇಲ್ಲೇ ಉಳಿದ. ವಯಸ್ಸು ಇಪ್ಪತ್ತಮೂರು.

ಘಟನೆ

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಗೊನೆಗೆ ಬೋರ್ಡೋ ಮದ್ದು ಹೊಡೆಯಲೇಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನೇ ಮದ್ದು ತಪ್ಪಿದರೆ ಕೊಳೆರೋಗ ಬಂದು ವರ್ಷದ ಬೆಳೆ ಕಣ್ಣೆದುರೇ ಉದುರುತ್ತದೆ. ಆದರೆ ಆ ಎರಡನೇ ಮದ್ದಿನ ಹೊತ್ತಿಗೆ ಮಳೆಗೆ ಬಿಡುವೇ ಇರುವುದಿಲ್ಲ, ಮರ ಪಾಚಿಗಟ್ಟಿ ಜಾರುತ್ತಿರುತ್ತದೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರು ಸಿಗುವುದಿಲ್ಲ. ಒಬ್ಬ ಕೊನೆಗಾರ ಹತ್ತು ಮನೆಗೆ ಮಾತು ಕೊಟ್ಟಿರುತ್ತಾನೆ.

2022ರ ಜುಲೈ. ವಾರಗಟ್ಟಲೆ ಹೊಡೆದ ಮಳೆ ಒಂದು ಬೆಳಿಗ್ಗೆ ಹೊಳವಾಯಿತು. ಬರುತ್ತೇನೆಂದಿದ್ದ ಕೊನೆಗಾರ ಬರಲಿಲ್ಲ. ತಾಯಿ ಮಗನಿಗೆ ಹೇಳಿದರು: "ನೀನೂ ಹತ್ತೋದು ಕಲ್ತಿದೀಯಲ್ಲ, ಕೆಳಗಿನ ಎರಡು ಸಾಲು ಹೊಡೆದುಬಿಡು, ಮಧ್ಯಾಹ್ನಕ್ಕೆ ಮತ್ತೆ ಮಳೆ ಬರುತ್ತೆ." ಹನ್ನೊಂದು ಗಂಟೆಗೆ ಅವನು ಬಿದ್ದ. ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಒಯ್ದರು. ಮೂರನೇ ದಿನ ತೀರಿಕೊಂಡ.

ಅಪಘಾತದ ಸಾವು, ಹಾಗಾಗಿ ಮರಣೋತ್ತರ ಪರೀಕ್ಷೆ ಆಗಲೇಬೇಕಿತ್ತು. ದೇಹ ಮನೆಗೆ ಬಂದದ್ದು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಕೊಂಡು, ಮುಖ ಮಾತ್ರ ಕಾಣುವ ಹಾಗೆ. ತಾಯಿ ಮಗನ ಕೈ ಹಿಡಿಯಬೇಕೆಂದರು. ಬಟ್ಟೆ ಬಿಚ್ಚುವ ಹಾಗಿಲ್ಲ ಅಂತ ಯಾರೋ ತಡೆದರು. ತಡೆದವರು ಒಳ್ಳೆಯ ಮನಸ್ಸಿನಿಂದಲೇ ತಡೆದರು. ಆದರೆ ಆ ಕೈ ಸಿಗದೆ ಹೋದದ್ದು ಮುಂದೆ ಒಂಬತ್ತು ತಿಂಗಳು ಆ ತಾಯಿಯನ್ನು ಕಾಡಿತು.

ಸಾಂತ್ವನದ ಮಾತುಗಳು

ಪಕ್ಕದ ತೋಟದ ಮನೆಯವರು ಮೂರು ದಿನ ಗಂಜಿ ಕಾಯಿಸಿ ತಂದರು, ಕೊಟ್ಟಿಗೆಯ ಹಸುಗಳನ್ನು ನೋಡಿಕೊಂಡರು. ಅವರು ಕ್ರೈಸ್ತರಲ್ಲ, ದೇವರ ಬಗ್ಗೆ ಒಂದು ಮಾತೂ ಆಡಲಿಲ್ಲ. ತಾಯಿ ಇಂದಿಗೂ ಮೊದಲು ನೆನೆಯುವುದು ಅವರನ್ನು.

ನಮ್ಮವರು ತುಂಬ ಮಾತಾಡಿದೆವು. "ದೇವರ ಚಿತ್ತ." "ತೋಟದ ಯಜಮಾನ ಚೆಂದದ ಹೂವನ್ನೇ ಕೊಯ್ಯೋದು." "ನಿಮ್ಮ ವಿಶ್ವಾಸದ ಪರೀಕ್ಷೆ ಇದು." "ಮಗಳೊಬ್ಬಳು ಇದಾಳಲ್ಲ." ನಾನೂ ಒಂದು ಸೇರಿಸಿದೆ. ಇಷ್ಟು ಸಾವು ಕಂಡವಳು, ಆ ಮನೆಯ ಜಗುಲಿಯಲ್ಲಿ ಕೂತು, "ಅವನು ಈಗ ದೇವರ ಹತ್ತಿರ ಸುಖವಾಗಿದಾನೆ" ಅಂದೆ. ಆಕೆ ನನ್ನನ್ನೇ ನೋಡಿ ಕೇಳಿದರು: "ನನ್ನ ಹತ್ತಿರ ಏನು ಕಷ್ಟ ಇತ್ತು ಅವನಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ದಿನ ರಾತ್ರಿ ಬೈಬಲ್ಲಿನ ಯೋಬನ ಗ್ರಂಥ ತೆಗೆದು ನೋಡಿದೆ. ತಪ್ಪು ಮಾಡದೆಯೂ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡವನ ಕಥೆ ಅದು. ಯೋಬನ ಗೆಳೆಯರು ಅವನ ದುಃಖದ ಸುದ್ದಿ ಕೇಳಿ ಬಂದವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಬ್ಬರೂ ಬಾಯಿಬಿಡಲಿಲ್ಲ. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಬಾಯಿಬಿಟ್ಟ ಮೇಲೆ ಕೆಟ್ಟರು. ಅವರು ಉದ್ದಕ್ಕೂ ದೇವರ ಪರವಾಗಿ ವಾದ ಮಾಡುತ್ತಾರೆ; ಯೋಬ ಉದ್ದಕ್ಕೂ ದೇವರನ್ನು ಪ್ರಶ್ನಿಸುತ್ತಾನೆ. ಕೊನೆಯಲ್ಲಿ ದೇವರು ಬೈಯುವುದು ಗೆಳೆಯರನ್ನು. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎನ್ನುತ್ತಾನೆ. ಈ ಭಾಗವನ್ನು ಎಷ್ಟೋ ಸಲ ಓದಿದ್ದೆ. ಆ ಗೆಳೆಯರ ಸಾಲಿನಲ್ಲಿ ನಾನೂ ಇದ್ದೇನೆ ಅಂತ ಆವತ್ತು ಗೊತ್ತಾಯಿತು.

ತಾಯಿ ಚರ್ಚಿಗೆ ಬರುವುದನ್ನು ನಿಲ್ಲಿಸಿದರು. ಮನೆಯಲ್ಲಿ ಮಣಿ ಎಣಿಸುತ್ತಾ ಮಾಡುತ್ತಿದ್ದ ಸಂಜೆಯ ಜಪಸರವೂ ನಿಂತಿತು. ಕಾರಣ ಕೇಳಿದ ಚರ್ಚಿನ ಗುರುಗಳಿಗೆ ಮೈ ಹುಷಾರಿಲ್ಲ ಎಂದರಂತೆ. ನನ್ನೆದುರು ಒಂದು ದಿನ ಕೊಟ್ಟಿಗೆಯ ಗೋಡೆ ತೋರಿಸಿದರು. ಅಲ್ಲಿ ಮೊಳೆಗೆ ಮಗ ಮರ ಹತ್ತುವಾಗ ಕಾಲಿಗೆ ಹಾಕುತ್ತಿದ್ದ ತಳೆ ನೇತಾಡುತ್ತಿತ್ತು. "ಜಪಸರ ಕೈಗೆ ತಗೊಂಡ್ರೆ ಅದೇ ಕಾಣುತ್ತೆ. ಎರಡೂ ಒಂದೇ ಥರ ಸುತ್ತು." ನಾನು ಆ ತಳೆಯನ್ನು ತೆಗೆದಿಡಲಾ ಅಂತ ಕೇಳಿದೆ. ಬೇಡ ಎಂದರು.

ಇನ್ನೊಂದು ಪ್ರಶ್ನೆ ಅವರಿಗೆ ಮುಳ್ಳಾಗಿತ್ತು. ಅದು ದೇವರದ್ದಲ್ಲ, ಊರಿನದ್ದು. ಪಡಿತರ ಚೀಟಿಯಿಂದ ಮಗನ ಹೆಸರು ತೆಗೆಸಲು ಮರಣಪತ್ರ ಹಿಡಿದು ತಂದೆ ಹೋಗಿದ್ದರು. "ನಾಲ್ಕರಲ್ಲಿ ಒಂದು ಕಡಿಮೆ ಮಾಡಿದ್ದೇನೆ" ಅಂತ ಅಲ್ಲಿದ್ದವರು ಚೀಟಿ ಕೊಟ್ಟರು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಗುರುತಿಲ್ಲದವರು ಹೆಂಗಸರನ್ನು ಮೊದಲು ಕೇಳುವುದೇ "ಎಷ್ಟು ಮಕ್ಕಳು?" ಅಂತ. ಒಬ್ಬಳು ಅಂದರೆ ಮಗನಿಗೆ ದ್ರೋಹ. ಇಬ್ಬರು ಅಂದರೆ ಮುಂದಿನ ಪ್ರಶ್ನೆ: ಮಗ ಏನು ಮಾಡ್ತಾನೆ? ಆಕೆ ಸಂತೆಗೆ ಹೋಗುವುದನ್ನೂ ಬಿಟ್ಟರು.

ತೆನೆ, ಸುಣ್ಣ

ಕರಾವಳಿಯಿಂದ ಬಂದವರು ಜೊತೆಗೆ ತಂದ ಹಬ್ಬ ತೆನೆ ಹಬ್ಬ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂವು ತಂದು ಬಾಲ ಮರಿಯಳ ಸ್ವರೂಪಕ್ಕೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯ ಹಿರಿಯರು ಆ ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ ಎಲ್ಲರಿಗೂ ಹಂಚುತ್ತಾರೆ. ಮನೆಯಲ್ಲಿ ಇಲ್ಲದವರ ಪಾಲನ್ನೂ ಎತ್ತಿಡುವುದು ರೂಢಿ. ದೂರದ ದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳಿಸುವವರಿದ್ದಾರೆ.

ಸಾವಾಗಿ ಎರಡು ತಿಂಗಳು. ಆ ಮನೆಯಿಂದ ಯಾರೂ ಬರಲಿಲ್ಲ. ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿಯ ಇಬ್ಬರು ಹುಡುಗಿಯರು ತೆನೆ ಹಿಡಿದು ಅವರ ಮನೆಗೆ ಹೋದರು. ನಾಲ್ಕು ತೆನೆ. ಯಾರೂ ಹೇಳಿಕೊಟ್ಟದ್ದಲ್ಲ, ಹಿಂದಿನ ವರ್ಷ ಅವರು ನಾಲ್ಕು ಒಯ್ದಿದ್ದನ್ನು ನೋಡಿದ್ದರು, ಅಷ್ಟೇ. ತಾಯಿ ತೆನೆ ತೆಗೆದುಕೊಂಡು ಒಳಗೆ ಹೋದರು, ಹುಡುಗಿಯರಿಗೆ ಕಾಫಿಯನ್ನೂ ಕೊಡಲಿಲ್ಲ. ಆ ತೆನೆಗಳನ್ನು ಅವರು ಸುಲಿಯಲಿಲ್ಲ, ಎಸೆಯಲೂ ಇಲ್ಲ. ದೇವರ ಪಟದ ಹಿಂದೆ ಸಿಕ್ಕಿಸಿದ್ದನ್ನು ಒಂದು ವರ್ಷದ ಮೇಲೆ ನಾನೇ ಕಂಡೆ.

ತಂದೆಯ ಬಗ್ಗೆ ಬರೆಯಬೇಕು, ಯಾಕೆಂದರೆ ಇಂಥ ಮನೆಗಳಲ್ಲಿ ನಾವೆಲ್ಲ ತಾಯಿಯ ಹತ್ತಿರ ಕೂರುತ್ತೇವೆ, ಗಂಡಸು ಅಂಗಳದಲ್ಲಿ ಒಬ್ಬನೇ ನಿಂತಿರುತ್ತಾನೆ. ಅವರು ಅಳಲಿಲ್ಲ, ಮಾತಾಡಲೂ ಇಲ್ಲ. ತೋಟದ ಕಡೆ ಕಾಲಿಡಲಿಲ್ಲ. ಆ ವರ್ಷದ ಬೆಳೆ ಅರ್ಧಕ್ಕರ್ಧ ಕೊಳೆಗೆ ಹೋಯಿತು. ಸಂಜೆ ಕುಡಿಯತೊಡಗಿದರು. "ನನ್ನ ಗಂಡನಿಗೆ ಮಗ ಸತ್ತಿದ್ದು ತಾಗೇ ಇಲ್ಲ" ಅಂತ ತಾಯಿ ನನ್ನೆದುರು ಸಿಟ್ಟಾದರು.

ನವೆಂಬರ್ 2 ಸಕಲ ಮೃತರ ದಿನ. ಅದರ ಹಿಂದಿನ ವಾರ ಮಳೆಗಾಲದ ಹುಲ್ಲು ಸವರಿ ಗೋರಿಗಳನ್ನು ಚೊಕ್ಕಟ ಮಾಡುವುದು ನಮ್ಮಲ್ಲಿ ವಾಡಿಕೆ. ಒಂದು ಬೆಳಿಗ್ಗೆ ಸಿಮೆಟ್ರಿಗೆ ಹೋದರೆ ಅವರು ಒಬ್ಬರೇ ಇದ್ದರು. ಮೊಣಕಾಲೆತ್ತರದ ಹುಲ್ಲು ಅರ್ಧ ಸವರಿಯಾಗಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಅದರಲ್ಲಿ ಕಲಸಿದ ಸುಣ್ಣ, ತೆಂಗಿನ ನಾರಿನ ಕುಂಚ. ಮಗನ ಮಣ್ಣಿನ ದಿಬ್ಬದ ಸುತ್ತ ಜೋಡಿಸಿದ ಕಲ್ಲುಗಳಿಗೆ ಬಳಿದು ಮುಗಿಸಿ, ಪಕ್ಕದ ಗೋರಿಗೆ ಬಳಿಯುತ್ತಿದ್ದರು. ಅದು ಯಾರದ್ದೋ ಹಳೆಯ ಗೋರಿ, ಹೆಸರು ಅಳಿಸಿಹೋಗಿದೆ. ಸುಣ್ಣ ಎಲ್ಲಿಂದ ತಂದಿರಿ ಅಂತ ಸುಮ್ಮನೆ ಕೇಳಿದೆ. "ಮನೇಲೇ ಇತ್ತು. ಎರಡನೇ ಮದ್ದಿಗೆ ತಂದಿದ್ದು. ಅರ್ಧ ಚೀಲ ಉಳೀತು."

ಕುಂಚ ಬಕೆಟ್ಟಿನಲ್ಲಿಟ್ಟು ಅವರು ಅತ್ತದ್ದು ಆಗ. ನಾನು ಏನೂ ಹೇಳಲಿಲ್ಲ. ಆ ಮನೆಯ ವಿಷಯದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಆ ವರ್ಷ ಅರ್ಧ ಚೀಲ ಸುಣ್ಣದಲ್ಲಿ ನಲವತ್ತಕ್ಕೂ ಹೆಚ್ಚು ಗೋರಿ ಬೆಳ್ಳಗಾದವು. ಈಗ ವರ್ಷವರ್ಷ ಅವರದ್ದೇ ಆ ಕೆಲಸ. ಕುಡಿತ ಒಂದೇ ಸಲ ಬಿಟ್ಟಿಲ್ಲ, ಕಡಿಮೆಯಾಯಿತು. ಈಗ ಹಬ್ಬಕ್ಕೆ ಮಾತ್ರ.

ಗಂಡ ಹೆಂಡತಿ ಒಂದೇ ರೀತಿ ದುಃಖಪಡುವುದಿಲ್ಲ. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ ಹೇಳಿದ, ಸಾವನ್ನು ಎದುರಿಸುವ ಐದು ಹಂತಗಳನ್ನು ನಮಗೆ ನರ್ಸಿಂಗ್ ಓದುವಾಗ ಬಾಯಿಪಾಠ ಮಾಡಿಸಿದ್ದರು. ಆದರೆ ಅವರು ಮಾತಾಡಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಬಗ್ಗೆ. ಉಳಿದವರ ದುಃಖ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದಿಲ್ಲ. 1999ರಲ್ಲಿ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಹೇಳಿದ್ದು ನಾನು ಕಂಡದ್ದಕ್ಕೆ ಹತ್ತಿರ: ಉಳಿದವರು ಒಮ್ಮೆ ಹೋದವರ ಕಡೆ, ಒಮ್ಮೆ ಬದುಕಿನ ಕೆಲಸದ ಕಡೆ ಹೊಯ್ದಾಡುತ್ತಾ ಇರುತ್ತಾರೆ, ಆ ಹೊಯ್ದಾಟವೇ ಗುಣವಾಗುವ ದಾರಿ. ಈ ಮನೆಯಲ್ಲಿ ಇಬ್ಬರೂ ಒಂದೊಂದು ತುದಿಯಲ್ಲಿ ಸಿಕ್ಕಿಕೊಂಡಿದ್ದರು. ಸುಣ್ಣದ ವಿಷಯ ನಾನು ತಾಯಿಗೆ ಹೇಳಿದ ಮೇಲೆ ಗಂಡನ ಮೇಲಿನ ಆ ಸಿಟ್ಟು ಇಳಿಯಿತು.

ಮಾತ್ರೆ ಮತ್ತು ಪ್ರಾರ್ಥನೆ

ಡಿಸೆಂಬರ್ ಹೊತ್ತಿಗೆ ತಾಯಿಯ ಮೈ ಇಳಿದುಹೋಗಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆಯಿಲ್ಲ. "ಎದ್ದು ಬಾವಿಕಟ್ಟೆ ಹತ್ತಿರ ಹೋಗಿ ನಿಂತಿರ್ತೀನಿ" ಅಂದರು. ಇಂಥ ಕಡೆ ಸುತ್ತಿ ಬಳಸಿ ಮಾತಾಡಬಾರದು. "ಸಾಯಬೇಕು ಅನ್ಸುತ್ತಾ?" ಅಂತ ನೇರವಾಗಿ ಕೇಳಿದೆ. ಹೌದು ಎಂದರು. ಕೇಳಿದ್ದರಿಂದ ಆ ಯೋಚನೆ ಹೆಚ್ಚುವುದಿಲ್ಲ. ಒಬ್ಬರೇ ಹೊತ್ತುಕೊಂಡಿದ್ದ ಭಾರಕ್ಕೆ ಇನ್ನೊಂದು ಕೈ ಸೇರುತ್ತದೆ. ಅದೇ ದಿನ ಗಂಡನನ್ನು ಕರೆದು ಹೇಳಿದೆವು, ಮಗಳು ಮಂಗಳೂರಿನಿಂದ ಬಂದು ಜೊತೆಗಿದ್ದಳು, ಮೂರನೇ ದಿನ ಶಿವಮೊಗ್ಗದಲ್ಲಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅಂಥ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಗಂಡ ಮತ್ತು ಮಗಳ ಫೋನಿನಲ್ಲಿ ಹಾಕಿಸಿದೆ.

ದುಃಖ ಕಾಯಿಲೆಯಲ್ಲ. ಆದರೆ ತಿಂಗಳುಗಟ್ಟಲೆ ಒಂದಿಷ್ಟೂ ಸಡಿಲವಾಗದೆ ಊಟ, ನಿದ್ದೆ, ಬದುಕುವ ಆಸೆ ಎಲ್ಲವನ್ನೂ ನುಂಗಿಕೊಂಡರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಈ ದೀರ್ಘ ದುಃಖಕ್ಕೆ ಬೇರೆ ಸ್ಥಾನವನ್ನೇ ಕೊಟ್ಟಿದ್ದಾರೆ, ಆರು ತಿಂಗಳಿಗೂ ಮೀರಿ ಉಳಿದರೆ ಎನ್ನುವ ಮಿತಿಯೊಂದಿಗೆ. ಈ ತಾಯಿಗೆ ಖಿನ್ನತೆಯೂ ಇದೆ ಎಂದರು ವೈದ್ಯರು. ಮಾತ್ರೆ ಶುರುವಾಯಿತು.

ಪ್ರಾರ್ಥನೆಗೆಂದು ಮನೆಗೆ ಬಂದ ಯಾರೋ ಒಬ್ಬರು, ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಎಂದರಂತೆ. ನಾನು ಇದನ್ನು ಒಪ್ಪುವುದಿಲ್ಲ, ಇಂಥ ಮಾತಿನಿಂದ ಜೀವ ಹೋಗುತ್ತದೆ. ಬೈಬಲ್ಲಿನ ಪ್ರವಾದಿ ಎಲೀಯ ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂತ ಬೇಡಿಕೊಂಡ. ದೇವದೂತ ಬಂದವನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಇಟ್ಟು, ಎದ್ದು ತಿನ್ನು ಎಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಅದನ್ನೇ ಹೇಳಿದ. ಊಟ, ನಿದ್ದೆ, ಮತ್ತೆ ಊಟ. ಅದಾದ ಮೇಲೆಯೇ ದೇವರ ಜೊತೆ ಮಾತು. ಈ ಕಥೆಯನ್ನು ತಾಯಿಗೆ ಹೇಳಿದೆ. "ಹಂಗಾದ್ರೆ ಈ ಮಾತ್ರೆ ರೊಟ್ಟಿ ಅಂದ್ಕೋತೀನಿ" ಅಂದರು.

ಲೆಕ್ಕ

ನಿದ್ದೆ ಸ್ವಲ್ಪ ಕೂಡಿಬಂದ ಮೇಲೆ, 2023ರ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಅವರು ಬೈಬಲ್ ಕೈಗೆತ್ತಿಕೊಂಡರು. ಸಮಾಧಾನಕ್ಕಲ್ಲ, ಜಗಳಕ್ಕೆ. ಯಾರೋ ಯೋಬನ ಹೆಸರು ಹೇಳಿದ್ದು ಕಿವಿಯಲ್ಲಿ ಉಳಿದಿತ್ತು. ಲೆಕ್ಕದಲ್ಲಿ ಚುರುಕು; ಕ್ವಿಂಟಾಲು, ಧಾರಣೆ, ಕೂಲಿ ಎಲ್ಲ ಆ ಮನೆಯಲ್ಲಿ ಆಕೆಯ ಬಾಯಿತುದಿಯಲ್ಲೇ. ಓದಿದ್ದೂ ಹಾಗೆಯೇ. ನಮ್ಮಲ್ಲಿ ಒಬ್ಬ ಹಿರಿಯ ಗುರುಗಳಿದ್ದಾರೆ, ನಿವೃತ್ತರು. ಅವರನ್ನು ಕರೆದುಕೊಂಡು ಹೋದ ದಿನ, ಕೂತ ಕೂಡಲೇ ತಾಯಿ ಕೇಳಿದರು.

"ಫಾದರ್, ಯೋಬನಿಗೆ ಮೊದಲು ಏಳು ಸಾವಿರ ಕುರಿ ಇತ್ತು, ಕೊನೇಲಿ ಹದಿನಾಲ್ಕು ಸಾವಿರ ಕೊಟ್ಟ. ಮೂರು ಸಾವಿರ ಒಂಟೆ ಇದ್ದಿದ್ದು ಆರು ಸಾವಿರ ಆಯ್ತು. ಎತ್ತು ಐನೂರು ಜೋಡಿ ಇದ್ದಿದ್ದು ಸಾವಿರ ಜೋಡಿ. ಕತ್ತೆನೂ ಎರಡರಷ್ಟು. ಮಕ್ಕಳು ಮೊದಲು ಏಳು ಗಂಡು, ಮೂರು ಹೆಣ್ಣು. ಕೊನೇಲೂ ಏಳು ಗಂಡು, ಮೂರು ಹೆಣ್ಣು. ದನಕರು ಎಲ್ಲ ಎರಡು ಪಟ್ಟು ಕೊಟ್ಟೋನು ಮಕ್ಕಳಲ್ಲಿ ಯಾಕೆ ಲೆಕ್ಕ ತಪ್ಪಿಸಿದ? ಹೋದ ಮಕ್ಕಳಿಗೆ ಬದಲಿ ಮಕ್ಕಳಾ? ಮಕ್ಕಳು ಅಂದ್ರೆ ಅಡಿಕೆ ಸಸಿನಾ, ಸತ್ತಿದ್ದು ಕಿತ್ತು ಇನ್ನೊಂದು ನೆಡೋಕೆ?"

ಗುರುಗಳು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಹಳೆಯ ಕಾಲದ ವ್ಯಾಖ್ಯಾನಕಾರರಿಗೂ ಈ ಪ್ರಶ್ನೆ ಬಂದಿತ್ತಮ್ಮ. ಅವರು ಹೇಳಿದ್ದು ಇಷ್ಟು: ಲೆಕ್ಕ ತಪ್ಪಿಲ್ಲ. ಕುರಿ ಒಂಟೆ ಹೋದದ್ದು ಹೋದವು, ಅದಕ್ಕೆ ಎರಡರಷ್ಟು ಕೊಡಬೇಕಾಯಿತು. ಮಕ್ಕಳು ಇಲ್ಲವಾಗಿರಲಿಲ್ಲ. ಮೊದಲಿನ ಹತ್ತು ದೇವರ ಹತ್ತಿರ, ಆಮೇಲಿನ ಹತ್ತು ಯೋಬನ ಹತ್ತಿರ. ಒಟ್ಟು ಇಪ್ಪತ್ತು. ಎರಡರಷ್ಟೇ.

ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು. ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಹಂಗಾದ್ರೆ ನನಗೆ ಇಬ್ಬರು" ಎಂದರು. "ಹೌದಮ್ಮ, ನಿನಗೆ ಇಬ್ಬರು."

ಇಲ್ಲಿಯೇ ಅವರು ಇನ್ನೂ ಬರೀರಿ ಅಂದದ್ದು. ಹಾಗಾಗಿ ಬರೆಯುತ್ತೇನೆ. ಎರಡೂವರೆ ತಿಂಗಳ ಮಾತ್ರೆಯಿಂದ ನಿದ್ದೆ ಬಂದಿತ್ತು, ಬಾವಿಕಟ್ಟೆಯ ಯೋಚನೆ ದೂರವಾಗಿತ್ತು. ಆದರೆ ಮಗ ಲೆಕ್ಕದಿಂದಲೇ ಹೋಗಿಬಿಟ್ಟ ಎನ್ನುವ ನೋವಿಗೆ ಮಾತ್ರೆಯಿಲ್ಲ. ಪಡಿತರ ಚೀಟಿಯಲ್ಲಿ ಕಳೆದುಹೋದ ಒಂದು ಅಂಕಿಯನ್ನು ಆವತ್ತು ಆ ಜಗುಲಿಯಲ್ಲಿ ವಾಪಸ್ಸು ಕೊಟ್ಟದ್ದು ವಿಶ್ವಾಸ. ಸತ್ತವರಿಗಾಗಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯಲ್ಲಿ ಗುರುಗಳು ಹೇಳುವುದುಂಟು, ಬದುಕು ಬದಲಾಗುತ್ತದೆ, ಕೊನೆಯಾಗುವುದಿಲ್ಲ ಅಂತ. ಮಗನ ಪೂಜೆಯಲ್ಲೂ ಹೇಳಿದ್ದರು. ಆಗ ಅದು ಆಕೆಯ ಕಿವಿಯ ಮೇಲೆ ಹಾದುಹೋಗಿತ್ತು. ಸಿಟ್ಟಿನಿಂದ ತಾವೇ ಹುಡುಕಿಕೊಂಡು ಹೋದ ಮೇಲೆ ಸಿಕ್ಕಿತು. ಸುಮ್ಮನಿರು, ದೇವರನ್ನು ಪ್ರಶ್ನಿಸಬಾರದು ಅಂತ ಆ ಸಿಟ್ಟನ್ನು ಯಾರಾದರೂ ಅದುಮಿದ್ದರೆ ಸಿಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಲಾಜರ ಸತ್ತಾಗ ಮಾರ್ತಾ, ಮರಿಯಾ ಇಬ್ಬರೂ ಯೇಸುವಿಗೆ ಹೇಳುವುದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಅದು ದೂರು. ಯೇಸು ಅವರನ್ನು ಗದರಲಿಲ್ಲ, ಸಮಾಧಿಯ ಕಡೆ ನಡೆಯುತ್ತಾ ತಾನೂ ಅತ್ತ. 88ನೇ ಕೀರ್ತನೆ ಕತ್ತಲು ಎನ್ನುವ ಮಾತಿನಲ್ಲೇ ಮುಗಿಯುತ್ತದೆ, ಒಂದು ಸಾಲಿನ ಸಮಾಧಾನವೂ ಇಲ್ಲದೆ. ಅದೂ ಪ್ರಾರ್ಥನೆಯೇ, ಅದೂ ಬೈಬಲ್ಲೇ.

ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 7. ಒಂಬತ್ತು ತಿಂಗಳ ಮೇಲೆ ಆಕೆ ಮೊದಲ ಸಲ ಚರ್ಚಿಗೆ ಬಂದರು. ಗುಡ್ಡದ ಮೇಲೆ ಶಿಲುಬೆ ಹಾದಿ, ಯೇಸುವಿನ ಕೊನೆಯ ಪಯಣದ 14 ಚಿತ್ರಗಳ ಮುಂದೆ ನಿಂತು ಪ್ರಾರ್ಥಿಸುತ್ತಾ ಸಾಗುವುದು. ಎಲ್ಲರ ಹಿಂದೆ ನಡೆಯುತ್ತಿದ್ದವರು 13ನೇ ಸ್ಥಳದಲ್ಲಿ ನಿಂತುಬಿಟ್ಟರು. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ತಾಯಿ ಮರಿಯಮ್ಮನ ಮಡಿಲಲ್ಲಿ ಮಲಗಿಸಿರುವ ಚಿತ್ರ. ಜನ 14ಕ್ಕೆ ಹೋದರು, ಪ್ರಾರ್ಥನೆ ಮುಗಿಸಿ ಗುಡ್ಡ ಇಳಿದರು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆಕೆ ಚಿತ್ರದ ಹತ್ತಿರ ಹೋಗಿ, ಗಾಜಿನ ಮೇಲೆ, ಕೆಳಗೆ ಜೋತುಬಿದ್ದ ಆ ಕೈಯ ಮೇಲೆ ಬೆರಳಿಟ್ಟರು. "ನಿನಗಾದ್ರೂ ಕೊಟ್ರು" ಎಂದರು.

ಇಳಿಯುವಾಗ ನಾನೇನೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಅವರೇ, "ಎಷ್ಟು ದಿನದ ಮೇಲೆ ಅವಳ ಹತ್ತಿರ ಮಾತಾಡಿದೆ ನೋಡಿ" ಎಂದರು. ಆವತ್ತಿನ ಸಂಜೆಯಿಂದ ಮನೆಯಲ್ಲಿ ಜಪಸರ ಮತ್ತೆ ಶುರುವಾಯಿತು, ಕೊಂಕಣಿಯಲ್ಲಿ. ನಮಾನ್ ಮರಿಯೆ. ಚಿಕ್ಕಂದಿನಿಂದ ಬಂದ ಭಾಷೆಯಲ್ಲಿ ಮಾತ್ರ ನಾಲಿಗೆ ಹೊರಳುತ್ತದೆ ಎಂದರು. ಎರಡು ದಿನ ಕಳೆದು ಬಂದ ಈಸ್ಟರ್ ಪೂಜೆಗೆ ಮಾತ್ರ ಬರಲಿಲ್ಲ. ಬರಲೇಬೇಕು ಅಂತ ನಾವ್ಯಾರೂ ಹೇಳಲಿಲ್ಲ.

ಕೊನೆಗಾರ

ಜಪಸರಕ್ಕೆ ನಾನು ಸೇರಿಕೊಂಡಾಗಲೆಲ್ಲ ಒಂದು ಗಮನಿಸುತ್ತಿದ್ದೆ. ಪರಲೋಕದ ತಂದೆಯೇ ಪ್ರಾರ್ಥನೆಯಲ್ಲಿ, ನಾವು ಇತರರನ್ನು ಕ್ಷಮಿಸುವಂತೆ ಎಂದು ಬರುವ ಕಡೆ ಆಕೆಯ ದನಿ ನಿಂತುಹೋಗುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಬರುತ್ತಿತ್ತು. ಕೊನೆಗಾರನ ಮೇಲಿನ ಸಿಟ್ಟು ಅಂತ ನಾನು ತಿಳಿದಿದ್ದೆ. ಅವನೂ ಆ ದಿನದಿಂದ ಆ ಮನೆಯ ದಾರಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ.

2023ರ ಜೂನ್ ಆರಂಭದಲ್ಲಿ, ಮೊದಲ ಮದ್ದಿನ ಹೊತ್ತಿಗೆ, ಅವನು ತಾನಾಗಿಯೇ ಬಂದು ಅಂಗಳದಲ್ಲಿ ನಿಂತ. ಕರೆದಿರಲಿಲ್ಲ. ತಂದೆ ಒಳಗೆ ನೋಡಿದರು. ತಾಯಿ ಹೊರಬಂದು, "ಕಾಫಿ ಕುಡಿದು ಹತ್ತು. ಮರ ಒದ್ದೆ ಇದ್ರೆ ಹತ್ತಬೇಡ, ಬೆಳೆ ಹೋದ್ರೆ ಹೋಗಲಿ" ಎಂದರಂತೆ. ಅವನು ಕಾಫಿ ಲೋಟ ಹಿಡಿದುಕೊಂಡು ಅಂಗಳದಲ್ಲೇ ಕೂತು ಅತ್ತನಂತೆ.

ಆದರೆ ಆ ಸಾಲಿನಲ್ಲಿ ದನಿ ಆಮೇಲೂ ನಿಲ್ಲುತ್ತಿತ್ತು. ಒಂದು ದಿನ ಕೇಳಿದೆ. "ಅವನನ್ನ ಅವತ್ತೇ ಬಿಟ್ಟೆ ಸಿಸ್ಟರ್. ಹತ್ತು ಅಂತ ಹೇಳಿದ್ದು ನಾನಲ್ವಾ." ಪಾಪನಿವೇದನೆಗೂ ಹೋಗಿದ್ದರಂತೆ. ಅಲ್ಲಿ ಗುರುಗಳು ಹೇಳಿದ್ದನ್ನು ಅವರೇ ನನಗೆ ತಿಳಿಸಿದರು: ಮಗನನ್ನು ಕೆಲಸಕ್ಕೆ ಕಳಿಸಿದ್ದು ಪಾಪವಲ್ಲ, ಮಲೆನಾಡಿನ ತಾಯಂದಿರೆಲ್ಲ ಮಾಡುವುದು ಅದನ್ನೇ, ಆದರೂ ನಿನಗೆ ಕ್ಷಮೆ ಬೇಕು ಅನ್ನಿಸಿದರೆ ದೇವರ ಹತ್ತಿರ ಅದು ಇದೆ, ತಗೊಂಡು ಹೋಗು. "ಕೆಲವು ದಿನ ತಗೊಂಡು ಬರ್ತೀನಿ, ಕೆಲವು ದಿನ ಅಲ್ಲೇ ಬಿಟ್ಟು ಬರ್ತೀನಿ" ಅಂದರು. ಈ ಪ್ರಕರಣದಲ್ಲಿ ಇನ್ನೂ ವಾಸಿಯಾಗದೆ ಉಳಿದಿರುವುದು ಇದೊಂದು. ಆ ಸಾಲಿನಲ್ಲಿ ದನಿ ಈಗಲೂ ಕೆಲವೊಮ್ಮೆ ನಿಲ್ಲುತ್ತದೆ.

ಮಗಳ ವಿಷಯದಲ್ಲಿ ನಾವು ತಡಮಾಡಿದೆವು. ಅಣ್ಣನ ದುಃಖದಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ ಆ ಹುಡುಗಿ ಒಂದು ವರ್ಷ ತನ್ನ ಪಾಡಿಗೆ ತಾನಿದ್ದಳು. "ಆಂಟಿ, ನನ್ನನ್ನ ಯಾರೂ ಹೇಗಿದೀಯ ಅಂತ ಕೇಳ್ಲೇ ಇಲ್ಲ" ಅಂದದ್ದು 2023ರ ಕ್ರಿಸ್ಮಸ್ ರಜೆಯಲ್ಲಿ. ಅಂದಿನಿಂದ ಅವಳಿಗೆ ಪ್ರತಿ ಭಾನುವಾರ ನಾನು ಫೋನ್ ಮಾಡುತ್ತೇನೆ.

2023ರ ತೆನೆ ಹಬ್ಬ ಆ ಮನೆಯಲ್ಲಿ ನಡೆಯಿತು. ಮಳೆ ಕೈಕೊಟ್ಟ ವರ್ಷ, ತೆನೆ ಜೊಳ್ಳು ಜೊಳ್ಳಾಗಿತ್ತು. ಪಟದ ಹಿಂದಿನ ಹಳೆಯ ನಾಲ್ಕು ತೆನೆಗಳನ್ನೂ ಇಳಿಸಿ ಹೊಸದರ ಜೊತೆ ಸುಲಿದರು. ನಾಲ್ಕು ಬಟ್ಟಲು. ಮಗಳ ಪಾಲು ಲಕೋಟೆಗೆ ಹೋಯಿತು. ಮಗನ ಬಟ್ಟಲನ್ನು ಪಟದ ಮುಂದೆ ಸ್ವಲ್ಪ ಹೊತ್ತು ಇಟ್ಟಿದ್ದರು, ಆಮೇಲೆ ತಂದೆ ಅದನ್ನು ತೆಗೆದುಕೊಂಡು ಜಗುಲಿಯ ತುದಿಗೆ ಹೋಗಿ ನಿಂತು ತಿಂದರು. ಒಂದು ವಾರಕ್ಕೆ, ಸೆಪ್ಟೆಂಬರ್ 15ರಂದು, ವ್ಯಾಕುಲ ಮಾತೆಯ, ಅಂದರೆ ಮಗನಿಗಾಗಿ ದುಃಖಪಟ್ಟ ಮರಿಯಮ್ಮನ ಸ್ಮರಣೆ. ಹುಟ್ಟುಹಬ್ಬಕ್ಕೂ ದುಃಖದ ದಿನಕ್ಕೂ ನಡುವೆ ಏಳೇ ದಿನ ಅಂತ ನಾನು ಅಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ, ಆಕೆ ತೋರಿಸಿದರು. ಆ ಪೂಜೆಗೆ ಬಂದಿದ್ದರು.

2024ರ ಮೇ ತಿಂಗಳಲ್ಲಿ ವೈದ್ಯರ ಹತ್ತಿರ ಕೊನೆಯ ಸಲ ಹೋದೆವು. ಮಾತ್ರೆಯನ್ನು ನಿಧಾನಕ್ಕೆ ಇಳಿಸುತ್ತಾ ಬಂದು ನಿಲ್ಲಿಸಿಯಾಗಿತ್ತು. ವಾಪಸ್ಸು ಬರುವಾಗ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಸ್ವಲ್ಪ ಹೊತ್ತು ಕೂತೆವು. ಮಧ್ಯಾಹ್ನ, ಅಷ್ಟು ದೊಡ್ಡ ದೇವಾಲಯದಲ್ಲಿ ನಾವಿಬ್ಬರೇ. ಎರಡು ಮೋಂಬತ್ತಿ ಹಚ್ಚಿದರು.

ಬಸ್ಸಿನಲ್ಲಿ ಮೂರು ಜನರ ಸೀಟು. ಕಿಟಕಿಯ ಹತ್ತಿರ ನಾನು, ನಡುವೆ ಆಕೆ, ತುದಿಗೆ ಒಬ್ಬ ಅಜ್ಜಿ, ಮಡಿಲಲ್ಲಿ ಸಂತೆ ಚೀಲ. ಆಯನೂರು ದಾಟುವ ಹೊತ್ತಿಗೆ ಅಜ್ಜಿ ಊರು, ತೋಟ, ಮಳೆ ಎಲ್ಲ ಕೇಳಿಯಾಗಿತ್ತು.

"ಮಕ್ಕಳೆಷ್ಟವ್ವಾ?"

ನನ್ನ ಎದೆ ಧಸಕ್ಕೆಂದಿತು.

"ಇಬ್ಬರು" ಎಂದರು ಆಕೆ.

"ಏನ್ ಮಾಡ್ತವೆ?"

"ಮಗಳು ಮಂಗಳೂರಲ್ಲಿ ಓದ್ತಾಳೆ. ಮಗ ತೀರ್ಕೊಂಡ, ಮರದಿಂದ ಬಿದ್ದು. ಇಪ್ಪತ್ತಮೂರು ಆಗಿತ್ತು."

ಅಜ್ಜಿ ಏನೂ ಹೇಳಲಿಲ್ಲ. ಚೀಲವನ್ನು ಕಾಲ ಹತ್ತಿರ ಇಳಿಸಿ ಆಕೆಯ ಕೈ ಹಿಡಿದುಕೊಂಡಿತು. ರಿಪ್ಪನ್‌ಪೇಟೆಯಲ್ಲಿ ಇಳಿಯುವವರೆಗೆ ಬಿಡಲಿಲ್ಲ.